ಶೀಟು ಹತ್ತದವಳಿಗೆ ಶೀಟಿನ ತರಬೇತಿ

ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರನ್ನೂ ಸೇರಿಸಿ ಹುಡುಕಿದರೂ ಸಿಮೆಂಟ್ ಶೀಟಿನ ಕೆಲಸದವರ ಕಡೆಯಿಂದ ಸರಿಯಾಗಿ ತರಬೇತಿ ಪಡೆದವರು ಆ ವರ್ಷ ಒಬ್ಬರೇ ಇದ್ದರು. ಅದು ನಾನು. ಶೀಟಿನ ಮೇಲೆ ನಾನು ಒಂದು ದಿನವೂ ಕಾಲಿಟ್ಟವಳಲ್ಲ. ಮನೆಯ ಮಾಡಿನ ಮೇಲೆ ಬಿದ್ದ ತೆಂಗಿನ ಗರಿ ಎಳೆಯಲಿಕ್ಕೂ ಉದ್ದದ ಕೋಲು ಹಿಡಿದು ಕೆಳಗೇ ನಿಲ್ಲುವವಳು. ಆದರೆ ಶೀಟನ್ನು ಹೇಗೆ ಕೊಯ್ಯಬೇಕು, ಹೇಗೆ ತೂತು ಕೊರೆಯಬೇಕು, ಕೊರೆಯುವವನ ಮೇಲೆ ಮತ್ತು ಕೊರೆಸುವವನ ಮೇಲೆ ಕಾನೂನು ಏನೇನು ಹೊಣೆ ಹೊರಿಸಿದೆ ಎಂದು ಕೇಳಿ, ನಿದ್ದೆಯಿಂದ ಎಬ್ಬಿಸಿದರೂ ಹೇಳುತ್ತೇನೆ. ಶೀಟು ಹತ್ತುವ ನನ್ನ ಗಂಡ ಸೂರನನ್ನು ಮಾತ್ರ ಕೇಳಬೇಡಿ. ತರಬೇತಿಯ ದಿನ ಅವರು ಕೆಲಸಕ್ಕೆ ಹೋಗಿದ್ದರು.

ಇದು ಎರಡು ಸಾವಿರದ ಒಂಬತ್ತರ ಮೇ ತಿಂಗಳ ಮಾತು. ಬೈಂದೂರಿನ ಹತ್ತಿರ, ಉಪ್ಪುಂದದ ಕಡೆ ಒಬ್ಬ ಧಣಿಗೆ ಸಿಗಡಿ ಶೆಡ್ಡು ಇತ್ತು. ಅಲ್ಲಿ ಹೆಂಗಸರು ಸುಲಿದು ಕೊಟ್ಟ ಸಿಗಡಿ ಐಸಿನಲ್ಲಿ ಮಲಗಿಕೊಂಡು ಹಡಗು ಹತ್ತಿ ಪರದೇಶಕ್ಕೆ ಹೋಗುತ್ತಿತ್ತು. ಶೆಡ್ಡಿನ ಮಾಡಿಗೆ ಹಳೆಯ ಸಿಮೆಂಟ್ ಶೀಟು, ಅಲ್ಲಲ್ಲಿ ಬಿರುಕು ಬಿಟ್ಟು ಮಳೆಗಾಲದಲ್ಲಿ ಸೋರುತ್ತಿತ್ತು. ಸಿಗಡಿ ಕೊಳ್ಳುವ ಪರದೇಶದವರು ಒಮ್ಮೆ ಬಂದವರು ತಲೆಯೆತ್ತಿ ನೋಡಿ, ಇದು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಬೆರೆಸಿದ ಶೀಟು, ಇದರ ಧೂಳು ಎದೆಗೆ ಒಳ್ಳೆಯದಲ್ಲ, ಇದನ್ನು ಮುಟ್ಟುವುದಾದರೆ ನಮ್ಮ ದೇಶದ ಕಾನೂನು ಹೇಳಿದ ಹಾಗೆ ಮುಟ್ಟಬೇಕು, ಇಲ್ಲದಿದ್ದರೆ ನಿಮ್ಮ ಸಿಗಡಿ ಬೇಡ ಎಂದರಂತೆ. ನಮ್ಮ ಊರಿನವರ ಎದೆಯ ಬಗ್ಗೆ ಇಷ್ಟು ಕಾಳಜಿ ಸಿಗಡಿ ತಿನ್ನುವವರಿಗೆ ಇದೆಯೆಂದು ನಮಗೆ ಅದುವರೆಗೆ ಗೊತ್ತಿರಲಿಲ್ಲ. ಕಾಳಜಿ ಯಾವ ದಾರಿಯಿಂದ ಬಂದರೇನು, ಬಂತಲ್ಲ ಎಂದುಕೊಳ್ಳೋಣ.

ಕೆಲಸ ಹಿಡಿದವರು ಕೋಟದ ಕಂಟ್ರಾಕ್ಟರ್ ಗೋವರ್ಧನ. ಕೆಲಸದವರಲ್ಲಿ ಒಬ್ಬನಾದರೂ ತರಬೇತಿ ಪಡೆದಿರಬೇಕು, ಅವನೇ ಆ ಕೆಲಸಕ್ಕೆ ಜವಾಬ್ದಾರಿ ವ್ಯಕ್ತಿ, ಅವನು ಎದುರಿಗೆ ಇಲ್ಲದೆ ಒಂದು ಶೀಟೂ ಅಲುಗಬಾರದು ಎಂದು ಪರದೇಶದವರು ಅವರಿಗೆ ಷರತ್ತು ಹಾಕಿದ್ದರು. ತರಬೇತಿ ಬ್ರಹ್ಮಾವರದ ಒಂದು ಹಾಲಿನಲ್ಲಿ. ಗೋವರ್ಧನ ಹೆಸರು ಕೊಟ್ಟದ್ದು ನನ್ನ ಗಂಡನದ್ದು. ಆದರೆ ಮೇ ತಿಂಗಳಲ್ಲಿ ಶೀಟಿನವನನ್ನು ಒಂದು ದಿನ ಕುರ್ಚಿಯ ಮೇಲೆ ಕೂರಿಸುವುದು ಆಗುವ ಮಾತೇ? ಮಳೆ ಹಿಡಿಯುವ ಮೊದಲು ಊರಿಗೆ ಊರೇ ಮಾಡು ಸರಿಮಾಡಿಸಿಕೊಳ್ಳಲು ಸರದಿ ನಿಂತಿರುತ್ತದೆ. ಗೋವರ್ಧನ ಸೀದಾ ತ್ರಾಸಿಯ ನಮ್ಮ ಮನೆಗೆ ಬಂದರು.

“ಜಲಜಕ್ಕ, ನೀವೇ ಒಂದ್ಸಲ ಹೋಯ್ ಬನ್ನಿ ಮಾರಾಯ್ರೆ. ಸಂಘದ್ ಮೀಟಿಂಗಿಗೆಲ್ಲ ನೀವೇ ಅಲ್ದಾ ಹೋಪುದ್? ಇದೂ ಹಾಂಗೆಯೇ. ಕೂಕಂಡ್, ಊಟ ಮಾಡ್ಕಂಡ್ ಬಪ್ಪುದ್, ಅಷ್ಟೇ.”

ನಮ್ಮ ಕಡೆ ಇದು ಹೊಸತೇನಲ್ಲ. ಸಂಘ ಇರಲಿ, ಶಾಲೆ ಇರಲಿ, ಪಂಚಾಯ್ತಿ ಇರಲಿ, ಕರೆದದ್ದು ಯಾರನ್ನೇ ಆಗಲಿ, ಮೀಟಿಂಗಿಗೆ ಹೋಗುವುದು ಮನೆಯ ಹೆಂಗಸು. ಹೋಗುವುದು, ಕೂರುವುದು, ಸಹಿ ಹಾಕುವುದು, ಬಂದು “ಹೋಯ್ ಬಂದೆ” ಎನ್ನುವುದು. ಅಲ್ಲಿ ಏನು ಹೇಳಿದರು ಎಂದು ಈವರೆಗೆ ಯಾವ ಗಂಡಸೂ ಕೇಳಿದ್ದಿಲ್ಲ. ಗೋವರ್ಧನ ಮಾಡಿದ ತಪ್ಪು ಒಂದೇ. ಹೋದ ಹೆಂಗಸಿಗೆ ಕಿವಿ ಇರುತ್ತದೆ ಎನ್ನುವುದನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಪಾಠ ಹೇಳಲು ಬಂದದ್ದು ಸೌಮ್ಯಶ್ರೀ ಎಂಬ ಹುಡುಗಿ. ಸೇಫ್ಟಿ ಆಫೀಸರ್ ಅಂತೆ. ಹಾಲಿನಲ್ಲಿ ಉಳಿದವರೆಲ್ಲ ಮೀನಿನ ಕಂಪನಿಗಳ ಆಫೀಸಿನವರು, ಇಸ್ತ್ರಿ ಅಂಗಿಯವರು. ಶೀಟಿನ ಕಡೆಯಿಂದ ಬಂದವಳು ನಾನೊಬ್ಬಳೇ. ಹುಡುಗಿ ಪಟ್ಟಿ ನೋಡಿ ಸೂರ ಯಾರು ಎಂದು ಕೇಳಿದಳು.

“ಇವ್ರ್ ಕೆಲ್ಸಕ್ಕೆ ಹೋಯಿರ್. ನಾನ್ ಅವ್ರ ಹೆಂಡ್ತಿ ಜಲಜ” ಎಂದೆ.

ಅವಳು ನನ್ನನ್ನೊಮ್ಮೆ ನೋಡಿದಳು. ಬೇರೆ ಯಾರಾದರೂ ಆಗಿದ್ದರೆ ಸೂರ ಬಂದಿದ್ದಾನೆ ಎಂದೇ ಬರೆದು ಊಟಕ್ಕೆ ಎಬ್ಬಿಸುತ್ತಿದ್ದರು. ಇವಳು ಸೂರನ ಹೆಸರು ಹೊಡೆದು ನನ್ನ ಹೆಸರು ಬರೆದಳು. ಓದಿದವರಲ್ಲಿ ಇಂಥವರೂ ಇರುತ್ತಾರೆ.

“ಆ ದೇಶದ ಕಾನೂನಿನಲ್ಲಿ ಇದನ್ನು ಕಡಿಮೆ ಅಪಾಯದ ಕೆಲಸ ಅಂತಾರೆ” ಎಂದು ಶುರು ಮಾಡಿದಳು. “ಶೀಟು ಗಟ್ಟಿಯಾಗಿದ್ದು, ಒಡೆಯದೆ ಇಳಿಸಿದರೆ, ಸ್ವಲ್ಪ ಹೊತ್ತಿನ ಕೆಲಸವಾದರೆ ಲೈಸೆನ್ಸ್ ಬೇಡ. ಆದರೆ ಲೈಸೆನ್ಸ್ ಬೇಡ ಅಂದ್ರೆ ಜವಾಬ್ದಾರಿನೂ ಬೇಡ ಅಂತ ತಿಳ್ಕೋಬೇಡಿ.”

ಆಮೇಲೆ ಜವಾಬ್ದಾರಿಗಳು ಬಂದವು ನೋಡಿ. ಕೆಲಸ ಮಾಡಿಸುವವರು ಶೀಟು ಯಾವುದೆಂದು ಮೊದಲೇ ತಿಳಿದುಕೊಂಡಿರಬೇಕಂತೆ, ಧೂಳು ಎಷ್ಟು ಏಳಬಹುದೆಂದು ಯೋಚಿಸಿರಬೇಕಂತೆ, ಕೆಲಸದವರಿಗೆ ಅದನ್ನು ಬಾಯಿಬಿಟ್ಟು ಹೇಳಬೇಕಂತೆ. ಗೋವರ್ಧನ ಅದುವರೆಗೆ ಕೆಲಸದವರಿಗೆ ಬಾಯಿಬಿಟ್ಟು ಹೇಳಿದ್ದು “ಬೇಗ ಬೇಗ” ಎಂಬ ಒಂದೇ ಮಾತು. ಶೀಟಿಗೆ ನೀರು ಹಾಕಿ ಒದ್ದೆ ಮಾಡಿಯೇ ಮುಟ್ಟಬೇಕು. ಕರೆಂಟಿನ ಕಟ್ಟರ್ ತರಲೇಬಾರದು. ತೂತು ಕೊರೆಯುವುದಾದರೆ ಕೈ ಡ್ರಿಲ್ಲಿನಲ್ಲಿ ನಿಧಾನವಾಗಿ. ಬಿದ್ದ ಪುಡಿಯನ್ನು ಪೊರಕೆಯಿಂದ ಗುಡಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಮುಖಕ್ಕೆ ಮಾಸ್ಕು. ಮಾಡಿನ ಅಡಿಯಲ್ಲಿ ಬೇರೆ ಯಾರೂ ಇರಕೂಡದು. ಇಳಿಸಿದ ಹಳೆ ಶೀಟನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಟ್ಟಿ ಅದಕ್ಕೆಂದೇ ಇರುವ ಜಾಗಕ್ಕೆ ಕಳಿಸಬೇಕು.

“ನಿಮ್ಮ ಕಡೆ ಹಳೆ ಶೀಟನ್ನ ಏನ್ಮಾಡ್ತೀರಿ?” ಎಂದು ನನ್ನನ್ನು ಕೇಳಿದಳು.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಳೆ ಶೀಟು ನಮ್ಮ ಊರಿನಲ್ಲಿ ನೆಲಕ್ಕೆ ಬೀಳುವುದೇ ಇಲ್ಲ, ಇಳಿಸುವ ಮೊದಲೇ ಯಾರಾದರೂ ಕೇಳಿಟ್ಟಿರುತ್ತಾರೆ. ನಮ್ಮ ಬಚ್ಚಲಿಗೆ ಅದೇ ಗೋಡೆ, ಕೋಳಿ ಗೂಡಿಗೆ ಅದೇ ಮಾಡು, ಬಾವಿಗೆ ಅದೇ ಮುಚ್ಚಳ. ಒಡೆದ ಚೂರು ಮಳೆಗಾಲದಲ್ಲಿ ಅಂಗಳದ ಕೆಸರಿಗೆ ಹಾಸಲಿಕ್ಕೆ. ಹುಡುಗಿಯ ಪೆನ್ನು ಅಲ್ಲೇ ನಿಂತಿತು. ಇಸ್ತ್ರಿ ಅಂಗಿಯವರು ನಕ್ಕರು. ಅವರ ಮನೆಯ ಕಾರ್ ಶೆಡ್ಡಿಗೆ ಯಾವ ಶೀಟು ಹಾಕಿದ್ದಾರೆಂದು ಕೇಳಬೇಕು ಅಂತ ನನಗೆ ಬಾಯಿ ತುರಿಸಿತು, ಊಟ ಆಗಿರಲಿಲ್ಲವಾದ್ದರಿಂದ ಸುಮ್ಮನಾದೆ.

ಕೊನೆಗೆ ಬಟ್ಟೆಯ ಮಾತು ಬಂತು. ಕೆಲಸದ ಅಂಗಿಯನ್ನು ಮನೆಗೆ ತರಬಾರದು, ತಂದರೂ ಕೊಡವಬಾರದು ಎಂದಳು.

“ಕೊಡ್ಕಿರೆ ಎಂತ ಆತ್ತ್?” ಎಂದೆ.

“ಧೂಳಿನಲ್ಲಿ ಕಣ್ಣಿಗೆ ಕಾಣದಂಥ ನಾರು ಇರುತ್ತೆ ಅಮ್ಮಾ. ಎದೆಯೊಳಗೆ ಹೋದ್ರೆ ಹೊರಗೆ ಬರೋದಿಲ್ಲ. ಎಷ್ಟೋ ವರ್ಷ ಸುಮ್ನಿದ್ದು ಆಮೇಲೆ ಕಾಯಿಲೆ ಮಾಡುತ್ತೆ. ಮಾಡಿನ ಮೇಲೆ ಕೆಲಸ ಮಾಡಿದವರಿಗೆ ಮಾತ್ರ ಅಲ್ಲ, ಅಂಗಿ ಕೊಡವಿದವರಿಗೂ ಅಷ್ಟೇ. ನಿಮ್ಮ ಮನೇಲಿ ಯಾರು ಕೊಡವೋದು?”

“ನಾನೇ.”

 ಊಟದ ಹೊತ್ತಿಗೆ ಅವಳು ನನ್ನ ಪಕ್ಕದಲ್ಲೇ ಬಂದು ಕೂತು, ಇನ್ನೊಂದು ಸೌಟು ಸಾರು ಹಾಕಿಸಿಕೊಳ್ಳಿ, ಇನ್ನೊಂದು ಸೌಟು ಹಾಕಿಸಿಕೊಳ್ಳಿ ಎಂದು ಒತ್ತಾಯ ಮಾಡಿದಳು. ಸಾರಿನಿಂದ ಎದೆ ತೊಳೆದು ಹೋಗುವುದಿದ್ದರೆ ನಾನು ಪಾತ್ರೆಗೇ ಬಾಯಿ ಹಾಕುತ್ತಿದ್ದೆ.

ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ನನಗೆ ಕರಿಯ ಭಾವನದ್ದೇ ನೆನಪು. ಕರಿಯ ಭಾವ ನನ್ನ ಗಂಡನ ಅಣ್ಣ. ಮೀನುಗಾರರ ಮನೆಯಲ್ಲಿ ಹುಟ್ಟಿ, ದೋಣಿ ಹತ್ತಿದರೆ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಸಮುದ್ರಕ್ಕೆ ಒಪ್ಪಿಸುವ ತಮ್ಮನನ್ನು ಕರೆದುಕೊಂಡು ಹೋಗಿ ಶೀಟಿನ ಕೆಲಸ ಕಲಿಸಿದವರು ಅವರೇ. ತೂತು ಕೊರೆದ ಮೇಲೆ ಮುಖ ಹತ್ತಿರ ತಂದು ‘ಉಫ್’ ಎಂದು ಊದಬೇಕು, ಪುಡಿ ಹಾರಿಹೋಗಬೇಕು, ಇಲ್ಲದಿದ್ದರೆ ಬೋಲ್ಟು ಗಟ್ಟಿ ಕೂರುವುದಿಲ್ಲ ಎಂಬುದು ಅವರ ಶಾಸ್ತ್ರ. ಆ ಶಾಸ್ತ್ರವನ್ನು ನಮ್ಮವರು ಒಂದು ದಿನವೂ ತಪ್ಪಿಸಿದವರಲ್ಲ. ಕೊನೆಕೊನೆಗೆ ಭಾವನಿಗೆ ನಾಲ್ಕು ಹೆಜ್ಜೆ ನಡೆದರೆ ಉಸಿರು ಸಿಗುತ್ತಿರಲಿಲ್ಲ. ಮಲಗಲಾರದೆ, ಗೋಡೆಗೆ ಒರಗಿ ಕೂತಲ್ಲೇ ಹೋದರು. ಬೀಡಿ ಸೇದಿ ಹೀಗಾಯಿತು ಎಂದಿತು ಊರು. ಅವರು ಬೀಡಿ ಮುಟ್ಟಿದವರೇ ಅಲ್ಲ ಎಂದೆ ನಾನು. ಹಾಗಾದರೆ ಎಳನೀರು ಜಾಸ್ತಿ ಕುಡಿದು ಶೀತ ಎದೆಗಿಳಿದದ್ದು ಎಂದಿತು. ಎಳನೀರಿನ ಮೇಲೆ ತಪ್ಪು ಹೊರಿಸಲು ಹಿಂದೆಮುಂದೆ ನೋಡದ ಊರು ಶೀಟಿನ ಸುದ್ದಿಗೆ ಮಾತ್ರ ಹೋಗಲಿಲ್ಲ. ಹೇಗೆ ಹೋಗುತ್ತದೆ? ಮಾತಾಡಿದವರೆಲ್ಲ ಕೂತಿದ್ದದ್ದು ಶೀಟಿನ ಅಡಿಯಲ್ಲೇ.

ಆ ವರ್ಷ ನಮ್ಮವರಿಗೂ ಬೆಳಿಗ್ಗೆ ಹಲ್ಲುಜ್ಜುವಾಗ ಒಣ ಕೆಮ್ಮು ಶುರುವಾಗಿತ್ತು. ಪೇಸ್ಟು ಖಾರ ಎನ್ನುತ್ತಿದ್ದರು. ಪೇಸ್ಟು ಬದಲಾಯಿಸಿದೆ, ಕೆಮ್ಮು ಬದಲಾಗಲಿಲ್ಲ. ನನಗೆ ನಿಜವಾಗಿ ಭಯ ಹತ್ತಿದ್ದು ಬ್ರಹ್ಮಾವರದ ಆ ದಿನ.

ಮನೆಗೆ ಬಂದು ಊಟಕ್ಕೆ ಬಡಿಸುತ್ತಾ ಕಲಿತದ್ದನ್ನೆಲ್ಲ ಹೇಳತೊಡಗಿದೆ. ಇವರು ನೀರಿನ ಮಾತಿನವರೆಗೆ ಕೇಳಿದರು. ಮಾಸ್ಕಿನ ಮಾತಿಗೆ ನಕ್ಕರು.

“ಮುಖಕ್ಕೆ ಬಟ್ಟೆ ಕಟ್ಕಂಡ್ ಮಾಡ್ ಹತ್ರೆ ಊರವ್ರ್ ಕಳ್ಳ ಅಂದೇಳಿ ಕಲ್ ಹೊಡಿತ್ರ್. ಸುಮ್ನೆ ಗಂಜಿ ಬಡ್ಸ್” ಎಂದರು. ಅಂಗಿಯ ವಿಷಯಕ್ಕೆ ಬರುವ ಮೊದಲೇ ಕೈ ತೊಳೆದು ಎದ್ದಾಯಿತು. ಮರುದಿನ ಹೇಳಹೊರಟರೆ, “ನಿನ್ನ ಬ್ರಹ್ಮಾವರದ್ ಪುರಾಣ ಸಾಕ್ ಮಾರಾಯ್ತಿ” ಎಂದರು. ನನಗೂ ಸಿಟ್ಟು ಬಂತು. ಬಾಯಿ ಮುಚ್ಚಿಕೊಂಡೆ. ಅಂಗಿಯನ್ನು ಕೊಡವುವುದು ಬಿಟ್ಟು ಸೀದಾ ಬಾಲ್ದಿಯ ನೀರಿಗೆ ಮುಳುಗಿಸತೊಡಗಿದೆ. ಅದನ್ನು ಗಮನಿಸುವಷ್ಟು ಪುರುಸೊತ್ತು ಅವರಿಗಿರಲಿಲ್ಲ.

ಶೆಡ್ಡಿನ ಕೆಲಸದ ದಿನ ಬೆಳಿಗ್ಗೆ ಗೋವರ್ಧನ ಓಡಿಕೊಂಡು ಬಂದರು. ಪರದೇಶದವರ ಜನ ಆ ಹುಡುಗಿಯ ಜೊತೆ ನೋಡಲು ಬರುತ್ತಾರಂತೆ. ಜವಾಬ್ದಾರಿ ವ್ಯಕ್ತಿ ಎಲ್ಲಿ ಎಂದು ಕೇಳುತ್ತಾರಂತೆ.

“ಜಲಜಕ್ಕ, ಒಂದ್ ಹೊತ್ತ್ ಬಂದ್ ಕುರ್ಚಿಯಂಗೆ ಕೂಕಂಡ್ರೆ ಸಾಕ್. ನೀವೆಂತ ಮಾಡುದೂ ಬ್ಯಾಡ.”

“ಅಕ್ಕ್, ಬತ್ತೆ” ಎಂದೆ. ಒಳ್ಳೆಯ ಸೀರೆ ಉಟ್ಟುಕೊಂಡೇ ಹೋದೆ. ಕುರ್ಚಿಯನ್ನೇನೋ ಹಾಕಿಟ್ಟಿದ್ದರು, ಆದರೆ ನಾನು ಕೂರಲಿಲ್ಲ.

ಮಾಡಿನ ಮೇಲೆ ಇಬ್ಬರಿದ್ದರು, ನಮ್ಮವರು ಮತ್ತು ಅವರ ಜೊತೆಗಾರ ತಿಮ್ಮ. ಹೊಸ ಶೀಟು ಗೋಡೆಗೆ ಒರಗಿಸಿಟ್ಟಿತ್ತು. ಹಳೆಯದು ಎದೆಗೆ ಕೆಟ್ಟದ್ದೆಂದು ಇಳಿಸಿ ಅದರ ಜಾಗಕ್ಕೆ ಹಾಕುತ್ತಿದ್ದದ್ದೂ ಅದೇ ಜಾತಿಯ ಶೀಟೇ, ಬೆಳ್ಳಗಿತ್ತು ಅಷ್ಟೇ. ನಮ್ಮ ದೇಶದಲ್ಲಿ ಅದಕ್ಕೆ ಅಡ್ಡಿಯಿಲ್ಲವಂತೆ. ನಾನು ಮೊದಲು ಸಿಗಡಿ ಸುಲಿಯುವ ಹೆಂಗಸರನ್ನೆಲ್ಲ ಪಕ್ಕದ ಕಟ್ಟಡಕ್ಕೆ ಕಳಿಸಿದೆ. ಪೈಪಿನಲ್ಲಿ ನೀರು ಮೇಲೆ ಹೋಗುವಂತೆ ಮಾಡಿಸಿದೆ. ಕರೆಂಟಿನ ಕಟ್ಟರನ್ನು ನನ್ನ ಕುರ್ಚಿಯ ಅಡಿಗೆ ತರಿಸಿಟ್ಟೆ. ಗೋವರ್ಧನ ತಂದಿದ್ದ ಮಾಸ್ಕುಗಳನ್ನು ಮೇಲಕ್ಕೆ ಎಸೆಸಿದೆ.

“ಸೂರಣ್ಣ, ಹಾಕಣಿ ಹಾಕಣಿ. ಮೇಲಧಿಕಾರಿ ಕೆಳಗಿಂದ ಕಾಂತಾ ಇತ್ರ್” ಎಂದ ತಿಮ್ಮ. ನಮ್ಮವರು ನನ್ನನ್ನು ನೋಡಿದ ನೋಟಕ್ಕೆ ಶೀಟು ತನ್ನಿಂದ ತಾನೇ ಇಳಿಯಬೇಕಿತ್ತು. ಹೆಂಡತಿ ಕೆಳಗೆ ನಿಂತು “ನೀರ್ ಬಿಡಿ”, “ನಿಧಾನ ತಿರ್ಗ್ಸಿ”, “ಊದ್ಬೇಡಿ” ಎಂದು ಹೇಳುವುದು, ಗಂಡ ಮೇಲೆ ನಿಂತು ಕೇಳುವುದು. ಉಪ್ಪುಂದದಲ್ಲಿ ಅಂಥ ಆಟವನ್ನು ಅದಕ್ಕೆ ಮೊದಲು ಯಾರೂ ನೋಡಿರಲಿಲ್ಲ. ಗೇಟಿನ ಹತ್ತಿರ ಹಳೆ ಶೀಟಿಗೆಂದು ಗೂಡ್ಸ್ ರಿಕ್ಷಾ ತಂದು ಕಾಯುತ್ತಿದ್ದವರೂ ಬಂದ ಕೆಲಸ ಮರೆತು ನಿಂತಿದ್ದರು.

ನೋಡುವವರು ಬಂದರು. ನೋಡಿದರು. ಫೋಟೋ ತೆಗೆದರು. ಸೌಮ್ಯಶ್ರೀ ನನ್ನ ಕೈ ಹಿಡಿದು ತುಂಬಾ ಚೆನ್ನಾಗಿ ಮಾಡ್ತಿದ್ದೀರಿ ಎಂದಳು. ಧಣಿ ಎಲ್ಲರಿಗೂ ಎಳನೀರು ಕೊಡಿಸಿದರು. ನೋಡಲು ಬಂದವರ ಕಾರು ಹೆದ್ದಾರಿಗೆ ತಿರುಗಿತು.

“ಆಯ್ತ್ ಜಲಜಕ್ಕ, ಇನ್ ನೀವ್ ಮನೆಗೆ ಹೋಯ್ಲಕ್ಕ್” ಎಂದರು ಗೋವರ್ಧನ. ಮಾಡಿನಿಂದ ಎರಡು ಮಾಸ್ಕು ಕೆಳಗೆ ಬಿದ್ದವು. ಗೋವರ್ಧನ ಅವನ್ನು ಹೆಕ್ಕಿ, ಕೊಡವಿ, ಜೋಪಾನವಾಗಿ ಕವರಿಗೆ ಹಾಕಿದರು, ಮುಂದಿನ ಸಲ ನೋಡಲು ಬರುವವರಿಗೆ. ಪೈಪಿನ ನೀರು ನಿಂತಿತು. ಮೇಲಿನಿಂದ ಡ್ರಿಲ್ಲಿನ ಸದ್ದು ಕೇಳಿತು, ಆಮೇಲೆ ‘ಉಫ್’. ಬಿಸಿಲಿನಲ್ಲಿ ಬೆಳ್ಳಗಿನ ಪುಡಿ ಎದ್ದು ಇವರ ಮುಖದ ಸುತ್ತ ನಿಂತದ್ದು ನನಗೆ ಕೆಳಗಿನಿಂದಲೇ ಕಾಣಿಸಿತು.

ನನಗೆ ತಲೆ ಕೆಟ್ಟುಹೋಯಿತು. ಹೋಗಿ ಏಣಿ ಎಳೆದು ಕೆಡವಿದೆ. ಬಿದಿರಿನ ಏಣಿ ಧಡ್ ಎಂದು ಬಿತ್ತು. ಅದರ ಮೇಲೆ ಕೂತೆ, ಒಳ್ಳೆಯ ಸೀರೆಯಲ್ಲೇ.

“ಎಂತ ಮಾಡುದ್ ನೀನ್?” ಮೇಲಿನಿಂದ ಇವರ ಕೂಗು.

“ಜವಾಬ್ದಾರಿ ವ್ಯಕ್ತಿ ನಾನ್. ಮಾಸ್ಕ್ ಹಾಕಂಡ್, ನೀರ್ ಬಿಟ್ಟ್ ಕೆಲ್ಸ ಮಾಡುದಾರೆ ಏಣಿ ಕೊಡ್ತೆ. ಇಲ್ದಿರೆ ಅಲ್ಲೇ ಕೂಕಣಿ.”

ಗೋವರ್ಧನನ ಮುಖ ಕೆಂಪಾಯಿತು. “ಜಲಜಕ್ಕ, ಇದ್ ತಮಾಷಿ ಅಲ್ಲ. ನಾಳಿಂದ ಸೂರನ್ನ ನಾನ್ ಕೆಲ್ಸಕ್ಕೆ ಕರಿತಿಲ್ಲೆ ಕಾಣಿ. ಸಿದ್ದಾಪುರದಿಂದ ಜನ ಬತ್ರ್, ಒಂದ್ ಫೋನ್ ಸಾಕ್.”

“ಕರೀನಿ. ಅವ್ರಲ್ಲಿ ತರಬೇತಿ ಆದವ್ರ್ ಯಾರ್ ಅಂದೇಳಿ ಆ ಹುಡ್ಗಿಗೆ ನಾನೂ ಒಂದ್ ಫೋನ್ ಮಾಡಿ ಕೇಂತೆ.”

ಗೋವರ್ಧನ ಕವರ್ ಹಿಡಿದುಕೊಂಡು ನಿಂತರು. ಗೇಟಿನ ಹತ್ತಿರ ಕಾಯುತ್ತಿದ್ದವರು ಒಳಗೇ ಬಂದಿದ್ದರು.

“ಜಲಜ, ಮರ್ಯಾದಿ ತೆಗಿಬ್ಯಾಡ. ಏಣಿ ಕೊಡ್” ಎಂದರು ಇವರು. ದನಿ ಸಣ್ಣದಾಗಿತ್ತು.

“ಕರಿಯ ಭಾವ ಎಂತದ್ರಿಂದ ಸತ್ತದ್? ಅದ್ ಹೇಳಿ. ಹೇಳ್ರೆ ಏಣಿ ಕೊಡ್ತೆ.”

ಬೀಡಿ ಎಂದಿದ್ದರೆ, ಎಳನೀರು ಎಂದಿದ್ದರೆ ಬೈಯಲು ನನ್ನ ಹತ್ತಿರ ಮಾತು ಸಿದ್ಧವಿತ್ತು. ಅವರು ಅಡ್ಡಹಲಗೆಯ ಮೇಲೆ ಕೂತುಬಿಟ್ಟರು. ಆಮೇಲೆ ಹೇಳಿದರು.

“ಈ ಧೂಳಿಂದ. ಡಾಕ್ಟ್ರ್ ಅಂದೇ ಹೇಳಿರ್. ಆಸ್ಪತ್ರೆಯಂಗೆ ನಂಗೊಬ್ಬಂಗೇ ಕರ್ದ್ ಹೇಳಿರ್.”

ಊರು ಬೀಡಿ ಎಂದಾಗ, ಎಳನೀರು ಎಂದಾಗ, ಈ ಮನುಷ್ಯ ಎಲ್ಲರ ನಡುವೆ ಕೂತು ಹೌದು ಹೌದು ಎಂದು ತಲೆಯಾಡಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ನನಗೆ ಮೈಯೆಲ್ಲ ಉರಿಯಿತು.

“ಗೊತ್ತಿದ್ದೂ ದಿನಾ ಹತ್ತಿದ್ರ್ಯಾ?”

“ಮತ್ತೆಂತ ಮಾಡ್ಕ್? ದೋಣಿ ಹತ್ರೆ ವಾಂತಿ. ಬೇರೆ ಎಂತ ಕೆಲ್ಸ ಬತ್ತ್ ನಂಗೆ? ಸತ್ರೆ ನಾನೊಬ್ಬ ಸಾಯ್ತೆ. ನಿಂಗೆಂತಕೆ ಅದೆಲ್ಲ?”

“ನೀವೊಬ್ರೇ ಸಾಯುದಲ್ಲ!” ನಾನು ಏಣಿಯಿಂದ ಎದ್ದು ನಿಂತಿದ್ದೆ. “ನಿಮ್ಮ ಅಂಗಿ ಕೊಡ್ಕುದ್ ಯಾರ್? ಮದ್ವಿ ಆದಾಗಿಂದ ದಿನಾ ಬೈಗೆ ಕೊಡ್ಕದ್ದ್ ಯಾರ್? ನಿಮ್ಮ ಎದಿಗೆ ಹೋದ್ ಧೂಳೇ ನನ್ನ ಎದಿಗೂ ಹೋಯಿತ್. ಬ್ರಹ್ಮಾವರದಂಗೆ ಹೇಳಿದ್ದ್ ಅದೇ. ನೀವ್ ಕೇಂಬುಕೆ ಕೂತಿರ್ಲಿಲ್ಲ.”

 ತಿಮ್ಮ ಮುಖ ಆಚೆ ತಿರುಗಿಸಿಕೊಂಡ. ಇವರು ಮೇಲಿನಿಂದ ನನ್ನನ್ನು ನೋಡುತ್ತಲೇ ಇದ್ದರು. ನಮ್ಮ ಮದುವೆಯಲ್ಲೂ ಅಷ್ಟು ಹೊತ್ತು ನೋಡಿದವರಲ್ಲ.

“ನಂಗೆ ಬತ್ತ್ ಅಂದೇಳಿ ಗೊತ್ತಿತ್ತ್” ಎಂದರು ಕೊನೆಗೆ. “ನಿಂಗೂ ಬತ್ತ್ ಅಂದೇಳಿ ಗೊತ್ತಿರ್ಲಿಲ್ಲ.”

ಸೀರೆಗೆ ಹತ್ತಿದ್ದ ಧೂಳನ್ನು ಕೊಡವಲು ಕೈ ಎತ್ತಿದವಳು ಹಾಗೇ ಇಳಿಸಿದೆ.

“ಗೋವರ್ಧನಣ್ಣ, ಆ ಮಾಸ್ಕ್ ಮೇಲೆ ಬಿಸಾಡಿ” ಎಂದರು ಇವರು. “ತಿಮ್ಮಂಗ್ ಒಂದ್. ನೀರೂ ಬಿಡ್ಸಿ.” ಗೋವರ್ಧನ ಎಲ್ಲರ ಮುಖ ನೋಡಿ, ಗೊಣಗುತ್ತಾ ಕವರ್ ಬಿಚ್ಚಿದರು. ಪೈಪಿನಲ್ಲಿ ನೀರು ಬಂತು. ಹೇಳಿದ ಮಾತಿಗೆ ತಪ್ಪಬಾರದಲ್ಲ, ನಾನು ಏಣಿಯನ್ನು ಎತ್ತಿ ಮಾಡಿಗೆ ಒರಗಿಸಿ ಅದನ್ನು ಹಿಡಿದುಕೊಂಡು ಅಲ್ಲೇ ನಿಂತೆ. ಮೇಲೆ ಡ್ರಿಲ್ಲು ಎತ್ತಿಕೊಂಡ ಇವರು ಅದನ್ನು ಮತ್ತೆ ಕೆಳಗಿಟ್ಟರು.

“ಹ್ವಾಯ್, ನೀನ್ ಅಲ್ಲಿ ನಿಲ್ಬ್ಯಾಡ” ಎಂದರು ಮಾಸ್ಕಿನ ಒಳಗಿನಿಂದ. “ದೂರ ಹೋಯ್ ನಿಲ್ಲ್.”

ನಾಲ್ಕು ಹೆಜ್ಜೆ ಹಿಂದೆ ಸರಿದೆ.

“ಇನ್ನೂ ದೂರ.”

ಗೇಟಿನ ತನಕ ಹೋದೆ. ಅವರು ಡ್ರಿಲ್ಲು ಮುಟ್ಟದೆ ಕೈ ಬೀಸುತ್ತಲೇ ಇದ್ದರು, ಇನ್ನೂ ದೂರ, ಇನ್ನೂ ದೂರ ಎಂದು. ನನಗೆ ಅಳು ಬಂತು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ರಸ್ತೆ ದಾಟಿ ಆಚೆ ಬದಿಗೆ ಹೋಗಿ ನಿಂತೆ.